ಹಳಿ ಹೋದ ಮೇಲೆ ಹಾದಿ
(ಬಾನುಲಿ ಭಾಷಣ)

ನಮ್ಮ ಶಿಗ್ಗಾಂವಿಗೆ ರೈಲು ಬರಲಿಲ್ಲ. ಹಾನಗಲ್ಲಿಗೂ ಬರಲಿಲ್ಲ, ಹಿರೇಕೆರೂರಿಗೂ ಬರಲಿಲ್ಲ. ಸವಣೂರಿನ ಹೆಸರು ಹೊತ್ತ ನಿಲ್ದಾಣವೊಂದು ಇದೆಯೇನೋ ನಿಜ. ಅದು ಊರಿನಿಂದ ಮೂಡಲಿಗೆ, ದೂರದ ಬಯಲಿನಲ್ಲಿದೆ. ಈ ಭಾಗದ ಜನಕ್ಕೆ ರೈಲು ಎಂದರೆ ಯಲವಿಗಿಗೋ ಹಾವೇರಿಗೋ ಹುಬ್ಬಳ್ಳಿಗೋ ಹೋಗಿ ಹತ್ತಬೇಕಾದ ವಾಹನ. ಇಂಥ ಊರಿನವನೊಬ್ಬನು ರೈಲುಹಾದಿಯ ವಿಷಯವಾಗಿ ಮಾತನಾಡಹೊರಟಿದ್ದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಅದರಲ್ಲಿಯೂ ನನ್ನ ಇಂದಿನ ವಿಷಯ ಓಡುವ ರೈಲು ಕೂಡ ಅಲ್ಲ. ಓಟ ನಿಲ್ಲಿಸಿದ ರೈಲು ತನ್ನ ಹಿಂದೆ ಬಿಟ್ಟುಹೋದ ನೆಲದ ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಹಳಿಗಳನ್ನು ಕಿತ್ತು ಒಯ್ದ ಮೇಲೆ ಆ ನೆಲ ಯಾರದು, ಅದನ್ನು ಏನು ಮಾಡಬೇಕು ಎಂಬ ಪ್ರಶ್ನೆ ಕಳೆದ ಅರವತ್ತು ವರ್ಷಗಳಿಂದ ಹಲವು ದೇಶಗಳಲ್ಲಿ ಎದ್ದಿದೆ. ಅದಕ್ಕೆ ದೊರೆತ ಉತ್ತರಗಳಲ್ಲಿ ಒಂದು ಬಹಳ ಸರಳವಾದುದು. ಹಳಿಯಿದ್ದಲ್ಲಿ ಡಾಂಬರು ಹಾಸಿ, ಮೋಟಾರು ವಾಹನಗಳಿಗೆ ಪ್ರವೇಶವಿಲ್ಲವೆಂದು ಫಲಕ ನೆಟ್ಟು, ನಡೆಯುವವರು ನಡೆಯಲಿ, ಸೈಕಲ್ಲು ತುಳಿಯುವವರು ತುಳಿಯಲಿ, ಗಾಲಿಕುರ್ಚಿಯಲ್ಲಿ ಕುಳಿತವರೂ ನಾಲ್ಕು ಹೆಜ್ಜೆ ಹೊರಗಿನ ಗಾಳಿಗೆ ಬರಲಿ ಎಂದು ಸಾರ್ವಜನಿಕರಿಗೆ ಬಿಟ್ಟುಕೊಡುವುದು. ಅಮೇರಿಕದ ವರ್ಜೀನಿಯಾ ರಾಜ್ಯದಲ್ಲಿ ಮಗಳ ಮನೆಯಲ್ಲಿ ಕೆಲವು ತಿಂಗಳು ಇದ್ದಾಗ ಇಂಥ ಒಂದು ಹಾದಿಯಲ್ಲಿ ನಾನು ದಿನಾಲು ನಡೆದಿದ್ದೇನೆ. ಮೊದಲು ಅದು ನನಗೆ ಶ್ರೀಮಂತ ದೇಶದ ಒಂದು ಸೊಗಸಾಗಿ ಕಂಡಿತು. ಅದರ ಇತಿಹಾಸವನ್ನು ತಿಳಿಯುತ್ತ ಹೋದಂತೆ, ಅದರಲ್ಲಿ ನಮ್ಮ ಕಡೆಗೂ ಸಲ್ಲುವ ಒಂದು ಪಾಠವಿದೆಯೆಂದು ಮನದಟ್ಟಾಯಿತು. ಆ ಪಾಠವನ್ನು ನಿಮ್ಮ ಮುಂದೆ ಇಡುವುದೇ ಈ ಭಾಷಣದ ಉದ್ದೇಶ.

ರೈಲುಹಾದಿ ಎಂಬುದು ಎಂಥ ವಸ್ತು ಎಂಬುದನ್ನು ಮೊದಲು ನೋಡೋಣ. ನಾವು ಹಳಿಗಳನ್ನು ನೋಡುತ್ತೇವೆ, ಹಳಿಯ ಕೆಳಗಿನ ನೆಲವನ್ನು ನೋಡುವುದಿಲ್ಲ. ಎತ್ತಿನ ಬಂಡಿ ಗುಡ್ಡ ಬಂದರೆ ಏರುತ್ತದೆ, ಹಳ್ಳ ಬಂದರೆ ಇಳಿಯುತ್ತದೆ. ಉಗಿಬಂಡಿಗೆ ಆ ಶಕ್ತಿಯಿಲ್ಲ. ಕಬ್ಬಿಣದ ಹಳಿಯ ಮೇಲೆ ಕಬ್ಬಿಣದ ಗಾಲಿ ಹಗುರಾಗಿ ಉರುಳುತ್ತದೆ. ಏರು ಬಂತೆಂದರೆ ಅಷ್ಟೇ ಹಗುರಾಗಿ ಜಾರುತ್ತದೆ. ಆದ್ದರಿಂದ ಬಯಲು ಸೀಮೆಯಲ್ಲಿ ಎಂಜಿನಿಯರರು ನೂರು ಅಡಿ ಸಾಗಿದರೆ ಒಂದು ಅಡಿ ಏರುವಷ್ಟಕ್ಕಿಂತ ಹೆಚ್ಚಿನ ಇಳಿಜಾರು ಬಾರದಂತೆ ನೋಡಿಕೊಳ್ಳುತ್ತಿದ್ದರು. ಘಟ್ಟದಲ್ಲಿ ಮಾತ್ರ ಅನಿವಾರ್ಯವಾಗಿ ಈ ಕಟ್ಟು ಸಡಿಲಾಗುತ್ತದೆ. ಕ್ಯಾಸಲ್ ರಾಕಿನಿಂದ ಗೋವೆಯ ಕಡೆಗೆ ಇಳಿಯುವ ಘಟ್ಟದಲ್ಲಿ 37ಕ್ಕೆ 1ರ ಇಳಿಜಾರು, ಸಕಲೇಶಪುರದ ಘಟ್ಟದಲ್ಲಿ 50ಕ್ಕೆ 1. ಉಳಿದೆಡೆ ಗುಡ್ಡವನ್ನು ಕಡಿದು, ತಗ್ಗಿಗೆ ಮಣ್ಣು ತುಂಬಿ, ಹಳ್ಳಕ್ಕೆ ಸೇತುವೆ ಕಟ್ಟಿ, ಭೂಮಿಯ ಏರಿಳಿತವನ್ನೆಲ್ಲ ಒಂದು ಸಮನಾದ ರೇಖೆಗೆ ತಂದು ನಿಲ್ಲಿಸುತ್ತಾರೆ. ಹತ್ತು ಕಿಲೋಮೀಟರು ನಡೆದರೂ ಮೊಣಕಾಲಿಗೆ ಏರು ಹತ್ತಿದ ಅರಿವಾಗದಂಥ ಹಾದಿ ಬೇರೆ ಯಾವ ಬಗೆಯಿಂದಲೂ ಹುಟ್ಟುವುದಿಲ್ಲ.

ಇನ್ನೊಂದು ಸಂಗತಿ. ಈ ರೇಖೆ ಎಲ್ಲಿಯೂ ತುಂಡಾಗುವಂತಿಲ್ಲ. ನೂರು ಹಳ್ಳಿಗಳ ಸೀಮೆಯನ್ನು, ಸಾವಿರಾರು ಜನರ ಹೊಲಗಳನ್ನು ಹಾಯ್ದು ಒಂದೇ ಪಟ್ಟಿಯಾಗಿ ಸಾಗಬೇಕು. ಅದನ್ನು ಒಟ್ಟುಗೂಡಿಸುವುದಕ್ಕೆ ಒಂದು ಸರಕಾರದ ಬಲ, ಒಂದು ಕಂಪನಿಯ ಬಂಡವಾಳ, ಅನೇಕರ ಕಣ್ಣೀರು ಎಲ್ಲವೂ ಬೇಕಾದವು. ನಮ್ಮ ಭಾಗದ ಕಥೆಯನ್ನೇ ನೆನೆಯಿರಿ. ಧಾತು, ಈಶ್ವರ ಸಂವತ್ಸರಗಳ ಬರ, ಎಂದರೆ 1876ರಿಂದ 1878ರ ಬರ, ಬಿಜಾಪುರ ಧಾರವಾಡಗಳ ಸೀಮೆಯನ್ನು ಬರಿದು ಮಾಡಿತು. ಕಾಳು ಇದ್ದ ಕಡೆಯಿಂದ ಕಾಳು ಇಲ್ಲದ ಕಡೆಗೆ ಸಾಗಿಸುವ ಸಾಧನವಿರಲಿಲ್ಲ. ಆ ಪೆಟ್ಟಿನಿಂದ ಎಚ್ಚತ್ತ ಸರಕಾರ ಈ ಸೀಮೆಗೆ ಹಳಿ ಹಾಕಿಸುವ ಮಾತೆತ್ತಿತು. 1882ರಲ್ಲಿ ಸದರ್ನ್ ಮರಾಠಾ ರೇಲ್ವೆ ಕಂಪನಿ ಸ್ಥಾಪನೆಯಾಯಿತು. ಅದೇ ದಶಕದಲ್ಲಿ ಹುಬ್ಬಳ್ಳಿಯಲ್ಲಿ ಅದರ ಕಾರ್ಖಾನೆ ಎದ್ದಿತು, ಹುಬ್ಬಳ್ಳಿಯಿಂದ ಹರಿಹರದತ್ತ ಮೀಟರ್ ಗೇಜಿನ ಹಳಿ ಸಾಗಿತು. ಕುಂದಗೋಳ, ಗುಡಗೇರಿ, ಯಲವಿಗಿ, ಕರಜಗಿ, ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು ಒಂದು ದಾರದಲ್ಲಿ ಪೋಣಿಸಿದಂತಾದವು. ಬ್ಯಾಡಗಿಯ ಮೆಣಸಿನಕಾಯಿ ದೂರದ ಪೇಟೆ ಕಂಡಿತು.

ಈ ಹಳಿಯ ಏರಿ ಇನ್ನೊಂದು ಉಪಕಾರವನ್ನೂ ಮಾಡಿತು. ಅದನ್ನು ಯಾವ ಕಂಪನಿಯೂ ಲೆಕ್ಕಕ್ಕೆ ಹಿಡಿದಿರಲಿಕ್ಕಿಲ್ಲ. ಮಳೆಗಾಲದಲ್ಲಿ ಎರೆಭೂಮಿಯಲ್ಲಿ ನಡೆದವರಿಗೆ ಗೊತ್ತು: ಒಂದೊಂದು ಹೆಜ್ಜೆಗೂ ಕಾಲಿಗೆ ಸೇರು ಸೇರು ಮಣ್ಣು ಮೆತ್ತಿಕೊಳ್ಳುತ್ತದೆ, ಚಪ್ಪಲಿ ಕೈಯಲ್ಲಿ ಹಿಡಿಯಬೇಕು, ಬಂಡಿ ಮನೆಯಲ್ಲಿ ಬಿಡಬೇಕು. ಅಂಥ ದಿನಗಳಲ್ಲಿ ಊರಿಂದ ಊರಿಗೆ ಒಣಗಾಲಿನಿಂದ ಹೋಗುವುದಕ್ಕೆ ಖಡಿ ಹಾಕಿದ ರೈಲಿನ ಏರಿಯೊಂದೇ ಗತಿ. ಸಾಲೆಗೆ ಹೋಗುವ ಹುಡುಗರು, ಸಂತೆಗೆ ಹೊರಟ ಹೆಣ್ಣುಮಕ್ಕಳು, ಬೀಗರ ಊರಿಗೆ ಹೊರಟ ಹಿರಿಯರು ಸ್ಲೀಪರಿನಿಂದ ಸ್ಲೀಪರಿಗೆ ಹೆಜ್ಜೆ ಇಡುತ್ತ ನಡೆದರು. ಅಪ್ಪಣೆಯಿಲ್ಲದೆ ಹಳಿಯ ಮೇಲೆ ನಡೆಯುವುದು 1989ರ ರೇಲ್ವೆ ಕಾಯಿದೆಯಂತೆ ಅಪರಾಧ. ಈಗ ಜೋಡಿ ಹಳಿಗಳಾಗಿ, ವಿದ್ಯುತ್ತಿನ ಬಂಡಿಗಳು ಸಪ್ಪಳವಿಲ್ಲದೆ ಧಾವಿಸುವಾಗ ಅದು ಅಪರಾಧ ಮಾತ್ರವಲ್ಲ, ಪ್ರಾಣಾಪಾಯ. ಆದರೂ ಜನ ನಡೆಯುತ್ತಲೇ ಇದ್ದಾರೆ. ಸಮತಟ್ಟಾದ, ನೇರವಾದ, ಒಣಗಿದ ಹಾದಿಯ ಆಸೆ ಕಾಲುನಡಿಗೆಯವರಲ್ಲಿ ಎಷ್ಟು ಆಳವಾದುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಈಗ ಅಮೇರಿಕದ ಕಡೆಗೆ ಬರೋಣ. 1916ರ ಸುಮಾರಿಗೆ ಆ ದೇಶದಲ್ಲಿ ನಾಲ್ಕು ಲಕ್ಷ ಕಿಲೋಮೀಟರಿನಷ್ಟು ರೈಲುಹಾದಿ ಇತ್ತು. ಆಮೇಲೆ ಕಾರು ಬಂತು, ಲಾರಿ ಬಂತು, ಎರಡನೆಯ ಮಹಾಯುದ್ಧದ ಅನಂತರ ದೊಡ್ಡ ಹೆದ್ದಾರಿಗಳು ಬಂದವು. ಅಲ್ಲಿಯ ರೇಲ್ವೆಗಳು ಖಾಸಗಿ ಕಂಪನಿಗಳವು. ನಷ್ಟವಾದ ಕವಲುಗಳನ್ನು ಅವು ಒಂದೊಂದಾಗಿ ಕೈಬಿಡಹತ್ತಿದವು. ಚಿಕಾಗೋ ನಗರದ ಪಶ್ಚಿಮಕ್ಕಿದ್ದ ಒಂದು ವಿದ್ಯುತ್ ರೈಲು 1957ರ ಜುಲೈ ತಿಂಗಳ ಒಂದು ಮಧ್ಯಾಹ್ನ ಥಟ್ಟನೆ ನಿಂತಿತು. ಬೆಳಿಗ್ಗೆ ಅದರಲ್ಲಿ ಕೆಲಸಕ್ಕೆ ಹೋದವರು ಸಂಜೆ ಮನೆಗೆ ಬರುವುದಕ್ಕೆ ಬೇರೆ ದಾರಿ ಹುಡುಕಬೇಕಾಯಿತು. ಹಳಿಗಳಿದ್ದ ಪಟ್ಟಿ ಕೆಲ ಕಾಲ ಪಾಳುಬಿದ್ದಿತು. ಅದನ್ನು ಹಂಚಿಕೊಳ್ಳಲು ಹಲವರು ಹೊಂಚುಹಾಕುತ್ತಿದ್ದಾಗ, 1963ರಲ್ಲಿ ಚಿಕಾಗೋ ಟ್ರಿಬ್ಯೂನ್ ಪತ್ರಿಕೆಗೆ ಓದುಗರ ಪತ್ರವೊಂದು ಬಂದಿತು. ಬರೆದವರು ಮೇ ಥೀಲ್ಗಾರ್ಡ್ ವಾಟ್ಸ್ ಎಂಬ ಎಪ್ಪತ್ತರ ವಯಸ್ಸಿನ ಪ್ರಕೃತಿತಜ್ಞೆ. ಇಂಗ್ಲೆಂಡಿನ ಹಳ್ಳಿಗಳ ಕಾಲುದಾರಿಗಳನ್ನು ಕಂಡು ಬಂದಿದ್ದ ಆಕೆ, ಈ ಪಟ್ಟಿಯನ್ನು ನಡೆಯುವ ಜನರಿಗೆ ಬಿಡಿರಿ. ತಡಮಾಡಿದರೆ ಬುಲ್‌ಡೋಜರುಗಳು ಬರುತ್ತವೆ ಎಂಬ ಅರ್ಥದಲ್ಲಿ ಬರೆದರು. ಆ ಒಂದು ಪತ್ರದಿಂದ ಇಲಿನಾಯ್ ಪ್ರೇರಿ ಪಾಥ್ ಎಂಬ ಹಾದಿ ಹುಟ್ಟಿತು. ಅದೇ ಕಾಲದಲ್ಲಿ ನೆರೆಯ ವಿಸ್ಕಾನ್ಸಿನ್ ರಾಜ್ಯ ಎಲ್ರಾಯ್ ಮತ್ತು ಸ್ಪಾರ್ಟಾ ಎಂಬ ಎರಡು ಊರುಗಳ ನಡುವಿನ 32 ಮೈಲಿನ ಹಳೆಯ ರೈಲುಹಾದಿಯನ್ನು, ಅದರ ಮೂರು ಸುರಂಗಗಳೊಡನೆ ಕೊಂಡುಕೊಂಡು, 1967ರಲ್ಲಿ ಸೈಕಲ್ಲಿನವರಿಗೆ ತೆರೆಯಿತು. ಇಂದು ಆ ದೇಶದಲ್ಲಿ ಇಂಥ ಹಾದಿಗಳ ಒಟ್ಟು ಉದ್ದ ನಲವತ್ತು ಸಾವಿರ ಕಿಲೋಮೀಟರನ್ನು ಮೀರಿದೆ.

ನಾನು ನಡೆದ ಹಾದಿಯ ಹೆಸರು ವಾಷಿಂಗ್ಟನ್ ಎಂಡ್ ಓಲ್ಡ್ ಡೊಮಿನಿಯನ್. ಪೊಟೋಮ್ಯಾಕ್ ನದಿಯ ದಂಡೆಯ ಅಲೆಕ್ಸಾಂಡ್ರಿಯಾ ಎಂಬ ಬಂದರದ ವ್ಯಾಪಾರಿಗಳು, ಪಶ್ಚಿಮದ ಬೆಟ್ಟಗಳಾಚೆಯ ಕಲ್ಲಿದ್ದಲು ತಮ್ಮ ಬಂದರಕ್ಕೆ ಬರಲೆಂದು 19ನೆಯ ಶತಮಾನದ ನಡುವಿನಲ್ಲಿ ಇದನ್ನು ಹಾಕಿಸಿದರು. 1860ರಲ್ಲಿ ಅದು ಲೀಸ್‌ಬರ್ಗ್ ಮುಟ್ಟಿತು. ಮರು ವರುಷವೇ ಅಂತರ್ಯುದ್ಧ ಹೊತ್ತಿಕೊಂಡು, ಹಳಿಗಳನ್ನೂ ಸೇತುವೆಗಳನ್ನೂ ಸೈನಿಕರು ಹಾಳುಮಾಡಿದರು. ಯುದ್ಧದ ಅನಂತರ ಮತ್ತೆ ಕಟ್ಟಿ, ಹೆಸರು ಬದಲಿಸಿ, ಮಾಲಕರು ಬದಲಾಗಿ, 1900ರಲ್ಲಿ ಬೆಟ್ಟದ ಬುಡದ ಬ್ಲೂಮಾಂಟ್ ಎಂಬ ಹಳ್ಳಿಯ ವರೆಗೆ ಹೋದ ಆ ಹಳಿ, ಬೆಟ್ಟವನ್ನು ಎಂದೂ ದಾಟಲಿಲ್ಲ. ಹುಟ್ಟಿಗೆ ಕಾರಣವಾದ ಕಲ್ಲಿದ್ದಲನ್ನು ಮುಟ್ಟಲೂ ಇಲ್ಲ. ಹಾಲು, ಹಿಟ್ಟು, ಬೇಸಗೆಯಲ್ಲಿ ತಂಪಿಗೆಂದು ಬೆಟ್ಟಕ್ಕೆ ಹೋಗುವ ಪಟ್ಟಣಿಗರು, ಇವೇ ಅದರ ಸಾಗಾಣಿಕೆ. 1951ರಲ್ಲಿ ಪ್ರಯಾಣಿಕರ ಬಂಡಿ ನಿಂತಿತು. 1968ರಲ್ಲಿ ಸರಕಿನ ಬಂಡಿಯೂ ನಿಂತಿತು.

ಇಲ್ಲಿಂದ ಮುಂದಿನ ಕಥೆಯನ್ನು ತುಸು ಲಕ್ಷ್ಯಗೊಟ್ಟು ಕೇಳಬೇಕು. ಹಳಿ ಕಿತ್ತ ಮೇಲೆ ಆ ಪಟ್ಟಿಯ ಬಹುಭಾಗವನ್ನು ಒಂದು ವಿದ್ಯುತ್ ಕಂಪನಿ ತನ್ನ ತಂತಿಗಳನ್ನು ಎಳೆಯುವುದಕ್ಕಾಗಿ ಕೊಂಡಿತು. ತಂತಿಗೂ ತುಂಡಾಗದ ಪಟ್ಟಿಯೇ ಬೇಕಷ್ಟೆ. ಹೀಗಾಗಿ ನೂರು ಅಡಿ ಅಗಲದ ಆ ನೆಲ ಇಡಿಯಾಗಿ ಉಳಿಯಿತು. 1974ರಲ್ಲಿ ಫಾಲ್ಸ್ ಚರ್ಚ್ ಎಂಬ ಊರು ತನ್ನ ಭಾಗದಷ್ಟನ್ನು ಡಾಂಬರು ಮಾಡಿ ಜನರಿಗೆ ತೆರೆದು ನೋಡಿತು. ಜನರು ಮುಗಿಬಿದ್ದರು. ಉತ್ತರ ವರ್ಜೀನಿಯಾದ ಉದ್ಯಾನ ಪ್ರಾಧಿಕಾರ, ತಂತಿಯ ಹಕ್ಕನ್ನು ಕಂಪನಿಗೇ ಬಿಟ್ಟು, ನೆಲವನ್ನು ಕಂತು ಕಂತಾಗಿ ಕೊಂಡುಕೊಂಡಿತು. 1988ರ ಹೊತ್ತಿಗೆ ಪರ್ಸೆಲ್‌ವಿಲ್ ಊರಿನ ವರೆಗೆ 45 ಮೈಲು, ಎಂದರೆ 72 ಕಿಲೋಮೀಟರಿನ ಹಾದಿ ಸಿದ್ಧವಾಯಿತು. ನೂರು ಅಡಿ ಅಗಲ, ನಲವತ್ತೈದು ಮೈಲು ಉದ್ದದ ಉದ್ಯಾನವದು!

ಆದರೆ ಪರ್ಸೆಲ್‌ವಿಲ್ಲಿನಲ್ಲಿ ಹಾದಿ ನಿಂತುಬಿಡುತ್ತದೆ. ರೈಲು ಬ್ಲೂಮಾಂಟಿನ ವರೆಗೆ ಹೋಗುತ್ತಿತ್ತೆಂದು ಹೇಳಿದೆನಲ್ಲ, ಉಳಿದ ಭಾಗವೇನಾಯಿತು? ಆ ತುದಿಯ ಹಳಿಯನ್ನು 1930ರ ದಶಕದ ಕೊನೆಯಲ್ಲಿಯೇ ಕೈಬಿಟ್ಟಿದ್ದರು. ಆಗ ಅದನ್ನು ಇಡಿಯಾಗಿ ಹಿಡಿದಿಡಬೇಕೆಂಬ ವಿಚಾರ ಯಾರಿಗೂ ಹೊಳೆಯಲಿಲ್ಲ. ನೆಲ ತುಂಡು ತುಂಡಾಗಿ ಖಾಸಗಿಯವರ ಪಾಲಾಯಿತು. ಕೊಟ್ಟಿಗೆ ಎದ್ದಿತು, ಬೇಲಿ ಬಂತು, ಮನೆಗಳಾದವು. ಇಂದು ಹಾದಿಯನ್ನು ಬೆಟ್ಟದ ಬುಡಕ್ಕೆ ಮುಟ್ಟಿಸಬೇಕೆಂದು ಬಯಸುವವರಿಗೆ ಕೆಲವೇ ಮೈಲಿನ ಆ ನೆಲ ದಕ್ಕದಾಗಿದೆ. ಒಂದೇ ರೈಲು, ಒಂದೇ ಸೀಮೆ. ಇಡಿಯಾಗಿ ಕೈ ಬದಲಾದ 45 ಮೈಲು ಉಳಿಯಿತು, ಬಿಡಿಯಾಗಿ ಹಂಚಿಹೋದ ತುದಿ ಅಳಿಯಿತು. ನಾನು ಹೇಳಬೇಕೆಂದಿರುವ ಪಾಠ ಇದೇ. ಉದ್ದನೆಯ ಸಾರ್ವಜನಿಕ ಪಟ್ಟಿಯನ್ನು ಕಟ್ಟುವುದಕ್ಕೆ ಒಂದು ತಲೆಮಾರು ಬೇಕು, ಕಳೆಯುವುದಕ್ಕೆ ಕೆಲವು ವರ್ಷಗಳ ಅಲಕ್ಷ್ಯ ಸಾಕು. ಕಳೆದ ಮೇಲೆ ಹಣ ಚೆಲ್ಲಿದರೂ ಅದು ಮರಳಿ ಕೂಡುವುದಿಲ್ಲ.

ಆ ಹಾದಿಯ ಇಂದಿನ ಬದುಕನ್ನು ನೋಡುವಂತಿದೆ. ನಡುವೆ ಹತ್ತು ಅಡಿ ಅಗಲದ ಡಾಂಬರು. ಹೊರವಲಯದಲ್ಲಿ ಅದರ ಮಗ್ಗುಲಿಗೇ ಕುದುರೆ ಸವಾರರ ಸಲುವಾಗಿ ಸಣ್ಣ ಖಡಿಯ ಹಾದಿ. ಎರಡೂ ಕಡೆ ಗಿಡಮರ. ತಲೆಯ ಮೇಲೆ ತಂತಿಗಳು. ಅರ್ಧ ಅರ್ಧ ಮೈಲಿಗೆ ಗುರುತಿನ ಕಂಬ. ವಿಯೆನ್ನಾ, ಹರ್ನ್‌ಡನ್ ಮುಂತಾದ ಊರುಗಳಲ್ಲಿ ಹಳೆಯ ನಿಲ್ದಾಣಗಳನ್ನು ಕೆಡವದೆ ಉಳಿಸಿಕೊಂಡಿದ್ದಾರೆ. ಎಲ್ಲರೂ ಬಲಗಡೆಯಿಂದ ಸಾಗಬೇಕು. ಸೈಕಲ್ಲಿನವರು ಹಿಂದಿನಿಂದ ಬಂದರೆ ಗಂಟೆ ಬಾರಿಸಬೇಕು. ಕೆಲಸಕ್ಕೆ ಹೋಗುವ ತರುಣರು, ಕೂಸಿನ ತಳ್ಳುಗಾಡಿ ಹಿಡಿದ ತಾಯಂದಿರು, ಊರುಗೋಲಿನ ವೃದ್ಧರು ಒಂದೇ ಹಾದಿಯಲ್ಲಿ ಕೂಡುತ್ತಾರೆ. ಉಗಿಬಂಡಿಯ ದುರ್ಬಲತೆಗಾಗಿ ತಗ್ಗಿಸಿದ ಇಳಿಜಾರು ಮುದುಕರ ಮೊಣಕಾಲಿಗೂ ಗಾಲಿಕುರ್ಚಿಗೂ ವರವಾಗಿದೆ.

ಈ ಹಾದಿ ಹಾಯ್ದುಹೋಗುವ ಹರ್ನ್‌ಡನ್, ಆಶ್‌ಬರ್ನ್ ಮೊದಲಾದ ಊರುಗಳಲ್ಲಿ ಕನ್ನಡಿಗರ ಮನೆಗಳು ಬಹಳ. ವಾಷಿಂಗ್ಟನ್ ಪರಿಸರದ ಕನ್ನಡ ಸಂಘಕ್ಕೆ ‘ಕಾವೇರಿ’ ಎಂದೇ ಹೆಸರು. ಬೇಸಗೆ ಬಂತೆಂದರೆ ಊರಿಂದ ತಂದೆತಾಯಿಗಳು ಬರುತ್ತಾರೆ. ಅಲ್ಲಿ ಅವರ ಸ್ಥಿತಿ ವಿಚಿತ್ರವಾದುದು. ಮನೆ ಅರಮನೆಯಂತಿದೆ, ಊಟಕ್ಕೆ ಕೊರತೆಯಿಲ್ಲ; ಆದರೆ ಕಾರು ನಡೆಸಲು ಬಾರದವರು ಅಂಗಡಿಗೂ ಹೋಗುವಂತಿಲ್ಲ, ಗುಡಿಗೂ ಹೋಗುವಂತಿಲ್ಲ. ದಿನವಿಡೀ ಕಿಟಕಿಯ ಹೊರಗೆ ನೋಡುತ್ತ, ಮಕ್ಕಳು ಸಂಜೆ ಬರುವುದನ್ನು ಕಾಯಬೇಕು. ಅಂಥವರಿಗೆ ಈ ಹಾದಿಯೊಂದೇ ಸ್ವಾತಂತ್ರ್ಯ. ರಾಣೇಬೆನ್ನೂರಿನ ಕಡೆಯ ಒಬ್ಬ ಹಿರಿಯ ತಾಯಿ, ಇಳಕಲ್ ಸೀರೆಯ ಕೆಳಗೆ ಮೊಮ್ಮಗನ ಬೂಟು ಹಾಕಿಕೊಂಡು, ದಿನಾಲು ಮುಂಜಾನೆ ಆ ಹಾದಿಗೆ ಬರುತ್ತಿದ್ದರು. ಅವರು ಒಮ್ಮೆ ಅಂದ ಮಾತು ನನ್ನ ನೆನಪಿನಲ್ಲಿ ಉಳಿದಿದೆ: “ಅಣ್ಣಾರ, ಈ ದೇಶದಾಗ ಮಗಗ ಹೇಳದ ಕೇಳದ ನಾ ಹೋಗಾಕ ಬರೂದು ಇದೊಂದ ಹಾದಿ ನೋಡ್ರಿ.” ಅದನ್ನು ಕೇಳಿದ ಮೇಲೆ, ಹಾದಿ ಎಂಬುದು ಬರಿಯ ವಿಹಾರದ ಸಾಧನವೆಂದು ನಾನು ಎಣಿಸಲಾರೆ. ಯಾರ ಹಂಗೂ ಇಲ್ಲದೆ ಮನೆಯಿಂದ ಹೊರಬೀಳುವ ಹಕ್ಕು ಅದರಲ್ಲಿ ಅಡಗಿದೆ.

ಇಷ್ಟು ಹೇಳಿದ ಮೇಲೆ ಎದುರುಪಕ್ಷದ ಮಾತನ್ನೂ ಕೇಳುವುದು ನ್ಯಾಯ. ಹಳಿ ಹಾಕುವಾಗ ಕಂಪನಿಗಳು ಹಲವೆಡೆ ರೈತರಿಂದ ನೆಲವನ್ನು ಪೂರ್ತಿ ಕೊಂಡಿರಲಿಲ್ಲ. ರೈಲು ಹಾಯ್ದುಹೋಗುವ ಹಕ್ಕನ್ನಷ್ಟೇ ಪಡೆದಿದ್ದವು. ರೈಲೇ ಇಲ್ಲವಾದ ಮೇಲೆ ಹಕ್ಕೂ ಇಲ್ಲ, ಅಜ್ಜನ ಹೊಲ ನಮಗೆ ಮರಳಬೇಕು ಎಂದು ಮೊಮ್ಮಕ್ಕಳು ವಾದಿಸಿದರು. ಅಪರಿಚಿತರು ತಮ್ಮ ಮನೆಯ ಹಿತ್ತಲಲ್ಲಿ ಓಡಾಡುವುದು ಅವರಿಗೆ ಸೇರಲಿಲ್ಲ. ಈ ವಾದವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಅಮೇರಿಕದ ಸಂಸತ್ತು 1983ರಲ್ಲಿ ಒಂದು ಉಪಾಯ ಕಂಡುಹಿಡಿಯಿತು. ಕಂಪನಿ ಹಳಿಯನ್ನು ಕೈಬಿಡಬೇಕೆಂದಾಗ, ಯಾವುದಾದರೊಂದು ಸಂಸ್ಥೆ ಆ ಪಟ್ಟಿಯನ್ನು ವಹಿಸಿಕೊಂಡು ಹಾದಿಯಾಗಿ ಕಾಪಾಡಬಹುದು. ಮುಂದೆಂದಾದರೂ ರೈಲು ಮತ್ತೆ ಬೇಕಾದರೆ ಅದನ್ನು ಮರಳಿ ಕೊಡಬೇಕು. ಅಲ್ಲಿಯ ವರೆಗೆ ರೈಲುಹಾದಿ ಸತ್ತಿತೆಂದು ಲೆಕ್ಕವಿಲ್ಲ. ನಮ್ಮ ವ್ಯವಹಾರದ ಮಾತಿನಲ್ಲಿ ಹೇಳುವುದಾದರೆ ಇದು ನೆಲದ ಠೇವಣಿ. ನೆಲದ ಒಡೆಯರಿಗೆ ನ್ಯಾಯವಾಗಿ ಬರಬೇಕಾದ ಪರಿಹಾರವನ್ನು ಕೇಳುವ ಹಕ್ಕು ಇದ್ದೇ ಇದೆ ಎಂದು ಹೇಳಿ, ಈ ಕಾನೂನನ್ನು ಅಲ್ಲಿಯ ಸರ್ವೋಚ್ಚ ನ್ಯಾಯಾಲಯ 1990ರಲ್ಲಿ ಎತ್ತಿಹಿಡಿಯಿತು.

ಠೇವಣಿಯ ಮಾತು ಬರಿಯ ಕಾಗದದ ಮೇಲೆ ಉಳಿಯಲಿಲ್ಲ. ಅದೇ ವಾಷಿಂಗ್ಟನ್ ನಗರದ ಇನ್ನೊಂದು ಮಗ್ಗುಲಲ್ಲಿ, ಮೇರಿಲ್ಯಾಂಡ್ ರಾಜ್ಯದಲ್ಲಿ, 1985ರಲ್ಲಿ ಕೊನೆಯ ಬಂಡಿ ಓಡಿದ ಒಂದು ಕವಲನ್ನು ಅಲ್ಲಿಯ ಕೌಂಟಿ ಸರಕಾರ ಈ ಕಾನೂನಿನಂತೆ ಕೊಂಡಿಟ್ಟುಕೊಂಡಿತು. ವರ್ಷಗಟ್ಟಲೆ ಜನರು ಅದರ ಮೇಲೆ ನಡೆದರು, ಸೈಕಲ್ಲು ತುಳಿದರು. 2017ರಲ್ಲಿ ಅದರ ಒಂದು ಭಾಗವನ್ನು ಮುಚ್ಚಿ, ನಗರ ರೈಲಿನ ಹೊಸ ಹಳಿ ಹಾಕಲು ತೊಡಗಿದರು. ನಡೆಯುತ್ತಿದ್ದವರಿಗೆ ದುಃಖವಾಯಿತು, ಕಡಿದ ಮರಗಳಿಗಾಗಿ ಜಗಳಗಳೂ ಆದವು. ಆದರೆ ಒಂದು ಮಾತು ಗಮನಿಸಬೇಕು: ನಡುವಿನ ಕಾಲದಲ್ಲಿ ಹಾದಿಯಾಗಿ ಬಳಕೆಯಲ್ಲಿದ್ದುದರಿಂದಲೇ ಆ ಪಟ್ಟಿ ಉಳಿದಿತ್ತು. ನಡೆದವರ ಪಾದಗಳೇ ಅದನ್ನು ಕಾದಿದ್ದವು.

ಇನ್ನು ನಮ್ಮ ನಾಡಿನ ಮಾತು. ಕರ್ನಾಟಕದಲ್ಲಿ ಇಂಥ ಹಾದಿಗಳು ಏಕೆ ಹುಟ್ಟಲಿಲ್ಲ? ಕಾರಣ ಸ್ಪಷ್ಟ. ನಮ್ಮಲ್ಲಿ ಹಳಿಗಳು ಸಾಯುವುದು ಕಡಿಮೆ, ಮರುಜನ್ಮ ಪಡೆಯುವುದು ಹೆಚ್ಚು. 1992ರಲ್ಲಿ ದೇಶಕ್ಕೆಲ್ಲ ಒಂದೇ ಗೇಜು ಎಂಬ ನೀತಿ ಬಂದ ಮೇಲೆ ಹುಬ್ಬಳ್ಳಿ–ಬೆಂಗಳೂರು ಹಾದಿಯೂ ಆ ದಶಕದಲ್ಲಿ ಮೀಟರ್ ಗೇಜಿನಿಂದ ಬ್ರಾಡ್ ಗೇಜಿಗೆ ತಿರುಗಿತು. ಬಹುಮಟ್ಟಿಗೆ ಹಳೆಯ ಏರಿಯ ಮೇಲೆಯೇ ಹೊಸ ಹಳಿ ಬಂದಿತು. ಇದು ಸಂತೋಷದ ವಿಷಯವೇ. ರೈಲು ಓಡುವುದು ಹಾದಿಗಿಂತ ದೊಡ್ಡ ಪ್ರಯೋಜನ. ನಡೆಯುವವರಿಗಾಗಿ ರೈಲನ್ನು ನಿಲ್ಲಿಸಿರೆಂದು ಯಾವ ವಿವೇಕಿಯೂ ಹೇಳಲಾರ.

ಆದರೂ ಜನರಲ್ಲಿ ಅಂಥ ಹಾದಿಯ ಹಂಬಲವಿತ್ತೆಂಬುದಕ್ಕೆ ನಮ್ಮಲ್ಲಿಯೇ ನಿದರ್ಶನವಿದೆ. ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆಗೆ ಘಟ್ಟ ಇಳಿಯುವ ಹಳಿಯ ಮೇಲೆ 57 ಸುರಂಗಗಳಿವೆ. ಹಾಸನ–ಮಂಗಳೂರು ನಡುವೆ ಮೀಟರ್ ಗೇಜ್ ಬಂಡಿ 1979ರಿಂದ ಓಡಿತು. ತೊಂಬತ್ತರ ದಶಕದಲ್ಲಿ ಗೇಜ್ ಬದಲಾವಣೆಗಾಗಿ ನಿಂತಿತು. ಸರಕಿನ ಬಂಡಿ 2006ರಲ್ಲಿ, ಪ್ರಯಾಣಿಕರ ಬಂಡಿ 2007ರ ಕೊನೆಯಲ್ಲಿ ಮತ್ತೆ ಓಡುವ ವರೆಗಿನ ಆ ವರ್ಷಗಳಲ್ಲಿ ಬೆಂಗಳೂರು, ಮೈಸೂರುಗಳಿಂದ ತರುಣರು ಬೆನ್ನಿಗೆ ಚೀಲ ಕಟ್ಟಿಕೊಂಡು, ಕೈಯಲ್ಲಿ ಬ್ಯಾಟರಿ ಹಿಡಿದು, ಆ ಸುರಂಗಗಳನ್ನೂ ಸೇತುವೆಗಳನ್ನೂ ನಡೆದು ದಾಟಿದರು. ಯಾರೂ ಏರ್ಪಡಿಸದೆ, ಯಾರೂ ಡಾಂಬರು ಹಾಕದೆ ಹುಟ್ಟಿದ ಹಾದಿ ಅದು. ಬಂಡಿ ಮರಳಿತು, ನಡಿಗೆ ನಿಷಿದ್ಧವಾಯಿತು, ಅದು ಸರಿಯಾದುದೇ. ನಂಜನಗೂಡಿನಲ್ಲಿ ಕಪಿಲೆಗೆ ಅಡ್ಡವಾಗಿ ದಳವಾಯಿ ದೇವರಾಜಯ್ಯನ ಕಾಲದಲ್ಲಿ, 1735ರಲ್ಲಿ, ಕಟ್ಟಿದ ಕಲ್ಲುಸೇತುವೆಯ ಮೇಲೆ ರಸ್ತೆಯೂ ರೈಲೂ ಮಗ್ಗುಲು ಮಗ್ಗುಲಾಗಿ ಸಾಗಿದ್ದವು. ಬ್ರಾಡ್ ಗೇಜಿಗಾಗಿ ಬೇರೆ ಸೇತುವೆಯಾಯಿತು. ಹಳೆಯ ಸೇತುವೆಯನ್ನು ಪಾರಂಪರಿಕ ಕಟ್ಟಡವೆಂದು ಉಳಿಸಿದ್ದಾರೆ. ದೇವರ ದರ್ಶನಕ್ಕೆ ಬಂದವರು ನಿಶ್ಚಿಂತೆಯಿಂದ ನಡೆದು ಹೊಳೆ ದಾಟುವುದಕ್ಕೆ ಅದಕ್ಕಿಂತ ಚೆಲುವಾದ ಹಾದಿ ಮತ್ತೊಂದು ಇರಲಾರದು.

ಹಳಿಯೇ ಇಲ್ಲದ ಶಿಗ್ಗಾಂವಿಗೆ ಇದರಿಂದೇನು ಎಂದು ನೀವು ಕೇಳಬಹುದು. ನಮ್ಮಲ್ಲಿ ರೈಲಿನ ಪಟ್ಟಿ ಇಲ್ಲದಿದ್ದರೂ ಅದರಂತೆಯೇ ತುಂಡಾಗದೆ ಸಾಗಬೇಕಾದ ಸಾರ್ವಜನಿಕ ಪಟ್ಟಿಗಳು ಅನೇಕ ಇವೆ. ಹಳ್ಳಿಯ ಸರ್ವೇ ನಕಾಶೆಯನ್ನು ಬಿಚ್ಚಿ ನೋಡಿರಿ. ಊರಿಂದ ಊರಿಗೆ, ಊರಿಂದ ಹೊಲಕ್ಕೆ ಹೋಗುವ ಬಂಡಿದಾರಿಗಳು ಅದರಲ್ಲಿ ಗುರುತಾಗಿವೆ. ನಮ್ಮ ಅಜ್ಜಂದಿರು ಎರಡು ಬಂಡಿಗಳು ಎದುರುಬದುರಾದರೂ ದಾಟುವಷ್ಟು ಅಗಲವಾಗಿ ಅವನ್ನು ಬಿಟ್ಟಿದ್ದರು. ಇಂದು ಹೋಗಿ ನೋಡಿದರೆ ಎಷ್ಟೋ ಕಡೆ ಒಬ್ಬ ಮನುಷ್ಯ ಅಡ್ಡ ತಿರುಗಿ ಹೋಗುವಷ್ಟೂ ಉಳಿದಿಲ್ಲ. ಈ ಕಡೆಯವರು ಒಂದು ಸಾಲು ಒಳಗೆ ಹೂಡಿದರು, ಆ ಕಡೆಯವರು ಇನ್ನೊಂದು ಸಾಲು ಹೂಡಿದರು. ಕೊನೆಗೆ ದಾರಿ ನಕಾಶೆಯಲ್ಲಿ ಮಾತ್ರ ಉಳಿಯಿತು. ನಡುವೆ ಒಂದೇ ಒಂದು ಹೊಲದಲ್ಲಿ ಮುಚ್ಚಿದರೂ ಉಳಿದ ದಾರಿಯೆಲ್ಲ ನಿರುಪಯೋಗಿ. ‘ನಮ್ಮ ಹೊಲ ನಮ್ಮ ದಾರಿ’ ಎಂಬ ಯೋಜನೆಯಲ್ಲಿ ಸರಕಾರ ಇಂಥ ದಾರಿಗಳನ್ನು ತಿರುಗಿ ಮಾಡಲು ಹೊರಟಿದ್ದು ಒಳ್ಳೆಯದೇ. ಆದರೆ ಬಿಡಿಸುವುದು ಕಟ್ಟುವುದಕ್ಕಿಂತ ಕಷ್ಟವೆಂಬುದನ್ನು ಯಾವ ತಲಾಠಿಯನ್ನು ಕೇಳಿದರೂ ಹೇಳುತ್ತಾನೆ.

ಕಾಲುವೆಗಳ ದಂಡೆಗಳೂ ಹಾಗೆಯೇ. ಕಾಲುವೆಯ ನೀರು ರೈಲಿಗಿಂತಲೂ ಸೂಕ್ಷ್ಮ. ಅದಕ್ಕೆ ಇನ್ನೂ ಸೌಮ್ಯವಾದ ಇಳಿಜಾರು ಬೇಕು. ಧರ್ಮಾ ಜಲಾಶಯದ ಕಾಲುವೆಗಳು ಹಾನಗಲ್ಲ ತಾಲೂಕಿನಲ್ಲಿ ಹರಿಯುತ್ತವೆ. ಅಂಥ ದಂಡೆಯ ಮೇಲೆ ನೆರಳಿಗೆ ಗಿಡ ಹಚ್ಚಿ, ಕಾಲುದಾರಿಯನ್ನು ಸರಿಪಡಿಸಿದರೆ ಅದಕ್ಕಿಂತ ಸಮನಾದ ಹಾದಿ ಎಲ್ಲಿದೆ? ಹುಬ್ಬಳ್ಳಿಯಲ್ಲಿ ಉಣಕಲ್ಲ ಕೆರೆಯಿಂದ ಹೊರಡುವ ನಾಲೆಯ ಗುಂಟ, ನಡೆಯುವವರಿಗೂ ಸೈಕಲ್ಲಿನವರಿಗೂ ಹಸಿರು ಹಾದಿಯೊಂದನ್ನು ಮಾಡುವ ಕೆಲಸ ಸ್ಮಾರ್ಟ್ ಸಿಟಿ ಯೋಜನೆಯಡಿ ನಡೆದಿದೆ. ಜನ ಮೂಗು ಮುಚ್ಚಿಕೊಂಡು ದಾಟುತ್ತಿದ್ದ ನಾಲೆ ಅದು. ಅಲ್ಲಿಯ ಹೂರಣವೂ ಇದೇ: ಊರ ನಡುವೆ ಇಡಿಯಾಗಿ ಉಳಿದ ಒಂದೇ ಪಟ್ಟಿ ನಾಲೆಯದು, ಅದನ್ನು ಜನರ ಕಾಲಿಗೆ ಒಪ್ಪಿಸಿದರೆ ಅದು ಉಳಿಯುತ್ತದೆ, ಇಲ್ಲದಿದ್ದರೆ ಅತಿಕ್ರಮಣಕ್ಕೆ ಆಹುತಿ.

ನಮ್ಮ ಸೀಮೆ ನಡಿಗೆಯ ಸೀಮೆ. ಬಾಡದಲ್ಲಿ ಹುಟ್ಟಿದ ಕನಕದಾಸರು ಕಾಗಿನೆಲೆಗೆ, ಅಲ್ಲಿಂದ ಉಡುಪಿಗೆ ಹೋದದ್ದು ಹಾದಿ ಹಿಡಿದೇ. ಶಿಶುನಾಳದ ಶರೀಫರು ಊರೂರು ತಿರುಗಿ ಹಾಡಿದರು. ಇಂದಿಗೂ ಭಾರತ ಹುಣ್ಣಿಮೆಗೆ ಮೈಲಾರಕ್ಕೆ, ಹರಕೆ ಹೊತ್ತು ಸವದತ್ತಿಯ ಎಲ್ಲಮ್ಮನಿಗೆ, ಶರೀಫರ ಜಾತ್ರೆಗೆ ಜನರು ಕಾಲುನಡಿಗೆಯಿಂದ ಹೋಗುತ್ತಾರೆ. ಅವರು ನಡೆಯುವುದೆಲ್ಲಿ? ಎಷ್ಟೋ ಕಡೆ ದೊಡ್ಡ ರಸ್ತೆಯ ಅಂಚಿನಲ್ಲಿ, ನಸುಕಿನ ಕತ್ತಲಲ್ಲಿ, ಲಾರಿಗಳ ಬೆಳಕು ಕಣ್ಣಿಗೆ ಹೊಡೆಯುತ್ತಿರುವಾಗ. ಪುಣೆ–ಬೆಂಗಳೂರು ರಸ್ತೆ ಒಂದು ಕಾಲಕ್ಕೆ ಸಾಲುಮರಗಳ ನೆರಳಿನ ಹಾದಿಯಾಗಿತ್ತು. ಅದು ಅಗಲವಾದಂತೆ ಮರಗಳು ಹೋದವು, ನಡೆಯುವವರ ಪಾಲೂ ಹೋಯಿತು. ಶಿಗ್ಗಾಂವಿಯವರು ಬಂಕಾಪುರದ ಕೋಟೆಯ ನವಿಲುಗಳನ್ನು ನೋಡಿ ಬರೋಣವೆಂದು ಮಕ್ಕಳನ್ನು ಸೈಕಲ್ಲಿನ ಮೇಲೆ ಕಳುಹಿಸಲು ಇಂದು ಯಾವ ತಾಯಿಗೆ ಧೈರ್ಯವಾದೀತು? ಎರಡೂ ಊರುಗಳ ನಡುವೆ ರಸ್ತೆಯಿದೆ, ಮಕ್ಕಳಿಗೆ ಹಾದಿಯಿಲ್ಲ.

ಹಣವಿಲ್ಲ ಎಂಬ ಉತ್ತರ ಸದಾ ಸಿದ್ಧವಾಗಿರುತ್ತದೆ. ವರ್ಜೀನಿಯಾದಲ್ಲಿಯೂ ಹಣ ಒಮ್ಮೆಗೇ ಬರಲಿಲ್ಲ. ಮೊದಲ ತುಣುಕು ತೆರೆದಂದಿನಿಂದ ಕೊನೆಯ ತುಣುಕಿನ ವರೆಗೆ ಹದಿನಾಲ್ಕು ವರ್ಷ ಹಿಡಿದವು. ಡಾಂಬರನ್ನು ಹತ್ತು ವರ್ಷ ತಡವಾಗಿ ಹಾಕಬಹುದು. ನೆಲದ ಮಾತಿನಲ್ಲಿ ಮಾತ್ರ ಆ ಸಲಿಗೆ ಇಲ್ಲ. ಆದ್ದರಿಂದ ಮೊದಲು ಆಗಬೇಕಾದ ಕೆಲಸ ಖರ್ಚಿನದಲ್ಲ, ಕಾವಲಿನದು. ಬಂಡಿದಾರಿ, ಕಾಲುವೆಯ ದಂಡೆ, ನಾಲೆಯ ಬದಿ, ರೇಲ್ವೆಯು ಬಾಗು ತಿದ್ದಿದಾಗ ಉಳಿಯುವ ಹಳೆಯ ಏರಿ, ಹೆದ್ದಾರಿ ನೇರವಾದಾಗ ಮಗ್ಗುಲಿಗೆ ಬೀಳುವ ಹಳೆಯ ರಸ್ತೆ, ಇವುಗಳ ಪಟ್ಟಿ ಪ್ರತಿಯೊಂದು ಗ್ರಾಮ ಪಂಚಾಯತಿಯಲ್ಲಿ, ಪುರಸಭೆಯಲ್ಲಿ ಇರಬೇಕು. ಯಾವುದನ್ನೂ ತುಂಡು ಮಾಡಿ ಕೊಡಬಾರದು. ಯಾರದಾದರೂ ನ್ಯಾಯವಾದ ಹಕ್ಕು ಇದ್ದರೆ ಪರಿಹಾರ ಕೊಟ್ಟು ಬಿಡಿಸಿಕೊಳ್ಳಬೇಕು. ಬಳಕೆ ಇದ್ದಲ್ಲಿ ಅತಿಕ್ರಮಣಕ್ಕೆ ಧೈರ್ಯ ಬರುವುದಿಲ್ಲವಾದ್ದರಿಂದ, ಮಣ್ಣಿನ ದಾರಿಯಾದರೂ ಸರಿ, ಅದರ ಮೇಲೆ ಜನರು ನಡೆಯುತ್ತಿರಬೇಕು. ಸಾಲೆಯ ಮಕ್ಕಳು ವರ್ಷಕ್ಕೊಮ್ಮೆ ತಮ್ಮ ಊರಿನ ನಕಾಶೆ ಹಿಡಿದು, ಅದರಲ್ಲಿ ಕಂಡ ದಾರಿಗಳನ್ನು ನಡೆದು ನೋಡಿ ಬಂದರೆ ಅದಕ್ಕಿಂತ ದೊಡ್ಡ ಭೂಗೋಲದ ಪಾಠವಿಲ್ಲ, ಅದಕ್ಕಿಂತ ಅಗ್ಗದ ಕಾವಲೂ ಇಲ್ಲ.

ಚಿಕಾಗೋದ ಆ ವೃದ್ಧೆ ಮಾಡಿದ್ದು ಒಂದು ಪತ್ರ ಬರೆದದ್ದಷ್ಟೇ. ಸಕಾಲದಲ್ಲಿ ಬರೆದರೆಂಬುದೇ ಅದರ ಮಹತ್ವ. ನಮ್ಮ ತಾಲೂಕಿನ ಕಚೇರಿಗಳಲ್ಲಿ ನಕಾಶೆಗಳು ಇನ್ನೂ ಇವೆ, ಅವುಗಳ ಮೇಲೆ ದಾರಿಗಳ ಗೆರೆಗಳು ಇನ್ನೂ ಕಾಣುತ್ತವೆ, ಎಲ್ಲಿ ಯಾವ ದಾರಿಯಿತ್ತೆಂದು ಬೆರಳು ಮಾಡಿ ತೋರಿಸಬಲ್ಲ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರಿರುವಾಗಲೇ ಒಮ್ಮೆ ಅವರ ಜೊತೆಗೂಡಿ ನಡೆದುಬರುವುದು ಒಳಿತು.